ವೆಬ್-ಎಕ್ಸ್‌ಟ್: ಫೈರ್‌ಫಾಕ್ಸ್‌ಗೆ ಸೈ, ಕ್ರೋಮ್‌ಗೆ ಅರ್ಧಂಬರ್ಧ

ಬ್ರೌಸರ್ ಎಕ್ಸ್‌ಟೆನ್ಷನ್ ಬರೆಯುವವರಿಗಾಗಿ ಫೈರ್‌ಫಾಕ್ಸ್ ತಯಾರಕ ಮೊಜಿಲ್ಲಾ ಕೊಟ್ಟಿರುವ ಕಮಾಂಡ್ ಲೈನ್ ಟೂಲ್ ಈ ವೆಬ್-ಎಕ್ಸ್‌ಟ್. ಪುಕ್ಕಟೆ, ಓಪನ್ ಸೋರ್ಸ್. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಇದ್ದರೆ ಅದರ ಪ್ಯಾಕೇಜ್ ಟೂಲ್ ಎನ್‌ಪಿಎಂ ಮೂಲಕ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ದಿನಬಳಕೆಗೆ ಬೇಕಾಗುವುದು ನಾಲ್ಕು ಕಮಾಂಡ್: ರನ್, ಲಿಂಟ್, ಬಿಲ್ಡ್, ಸೈನ್.

'ರನ್' ಕೊಟ್ಟರೆ ಹೊಸ ಪ್ರೊಫೈಲ್‌ನಲ್ಲಿ ಫೈರ್‌ಫಾಕ್ಸ್ ತೆರೆದು ಎಕ್ಸ್‌ಟೆನ್ಷನ್ ಅನ್ನು ತಾತ್ಕಾಲಿಕವಾಗಿ ಹಾಕುತ್ತದೆ; ಫೈಲ್ ಸೇವ್ ಆದೊಡನೆ ತಾನೇ ರೀಲೋಡ್ ಮಾಡುತ್ತದೆ. ಪ್ರೊಫೈಲ್ ಪ್ರತಿ ಸಲವೂ ಹೊಸದಾದ್ದರಿಂದ ಲಾಗಿನ್ ಬೇಕಿರುವ ಸೈಟ್‌ಗಳಲ್ಲಿ ಪದೇ ಪದೇ ಪಾಸ್‌ವರ್ಡ್ ಕೊಡಬೇಕು. ಪರೀಕ್ಷೆಗೆಂದೇ ಬೇರೆ ಪ್ರೊಫೈಲ್ ಮಾಡಿಕೊಂಡು 'ಕೀಪ್-ಪ್ರೊಫೈಲ್-ಚೇಂಜಸ್' ಸೇರಿಸಿದರೆ ಆ ಕಾಟ ತಪ್ಪುತ್ತದೆ. ದಿನನಿತ್ಯದ ಪ್ರೊಫೈಲ್ ಅನ್ನು ಮಾತ್ರ ಇದಕ್ಕೆ ಒಡ್ಡಬೇಡಿ, ಭದ್ರತೆಯ ಸೆಟ್ಟಿಂಗ್‌ಗಳು ಸಡಿಲವಾಗುತ್ತವೆ.

ಈ ರೀಲೋಡ್‌ನ ಸುಖದಲ್ಲೇ ಒಂದು ಮೋಸ ಅಡಗಿದೆ. ರೀಲೋಡ್ ಆದಾಗ ಫೈರ್‌ಫಾಕ್ಸ್, ಆಗಲೇ ತೆರೆದಿರುವ ಟ್ಯಾಬ್‌ಗಳಿಗೂ ಕಂಟೆಂಟ್ ಸ್ಕ್ರಿಪ್ಟನ್ನು (ವೆಬ್ ಪುಟದೊಳಗೆ ಓಡುವ ಎಕ್ಸ್‌ಟೆನ್ಷನ್ ಕೋಡ್) ಮತ್ತೆ ಸೇರಿಸುತ್ತದೆ. ಕ್ರೋಮ್ ಹಾಗೆ ಮಾಡುವುದಿಲ್ಲ. ಅಲ್ಲಿ ಹಳೆಯ ಸ್ಕ್ರಿಪ್ಟ್ ಅನಾಥವಾಗಿ ಉಳಿದು, ಮೆಸೇಜ್ ಕಳಿಸಲು ಹೋದಾಗ 'ಎಕ್ಸ್‌ಟೆನ್ಷನ್ ಕಾಂಟೆಕ್ಸ್ಟ್ ಇನ್‌ವ್ಯಾಲಿಡೇಟೆಡ್' ಎನ್ನುತ್ತದೆ. ಟ್ಯಾಬ್ ರಿಫ್ರೆಶ್ ಮಾಡದೆ ಗತಿಯಿಲ್ಲ. ಫೈರ್‌ಫಾಕ್ಸ್ ಒಂದರಲ್ಲೇ ಪರೀಕ್ಷಿಸಿದವರಿಗೆ ಇದು ಕಾಣಿಸುವುದೇ ಇಲ್ಲ.

ಎಕ್ಸ್‌ಟೆನ್ಷನ್‌ನ ವಿವರ ಬರೆಯುವ ಫೈಲ್ ಮ್ಯಾನಿಫೆಸ್ಟ್. ಅದರ ಮೂರನೇ ಆವೃತ್ತಿ ವಿ3ರಲ್ಲಿ, ಹಿನ್ನೆಲೆಯಲ್ಲಿ ಓಡುವ ಬ್ಯಾಕ್‌ಗ್ರೌಂಡ್ ಕೋಡ್‌ನದೂ ಇದೇ ಪಾಡು. ಕ್ರೋಮ್‌ಗೆ ಬೇಕಿರುವುದು ಸರ್ವಿಸ್ ವರ್ಕರ್ (ಕೆಲಸವಿದ್ದಾಗ ಮಾತ್ರ ಎದ್ದು ಓಡುವ ಸ್ಕ್ರಿಪ್ಟ್), ಫೈರ್‌ಫಾಕ್ಸ್‌ಗೆ 'ಸ್ಕ್ರಿಪ್ಟ್ಸ್'. ಎರಡನ್ನೂ ಒಂದೇ ಮ್ಯಾನಿಫೆಸ್ಟ್‌ನಲ್ಲಿ ಬರೆದರೆ ಎರಡೂ ಬ್ರೌಸರ್‌ಗಳ 121ನೇ ಆವೃತ್ತಿಯಿಂದೀಚೆಗೆ ತಕರಾರಿಲ್ಲ. ಆದರೆ ಕ್ರೋಮ್ ತನ್ನ ವರ್ಕರನ್ನು 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಮುಗಿಸಿಬಿಡುತ್ತದೆ. ಗ್ಲೋಬಲ್ ವೇರಿಯಬಲ್‌ನಲ್ಲಿಟ್ಟ ಎಣಿಕೆ, ಐದು ನಿಮಿಷಕ್ಕೆಂದು ಇಟ್ಟ ಸೆಟ್‌ಟೈಮೌಟ್ ಟೈಮರ್ ಎರಡೂ ಅದರ ಜೊತೆಗೇ ಹೋಗುತ್ತವೆ. ಎಣಿಕೆಯನ್ನು ಸ್ಟೋರೇಜ್‌ಗೂ ಸಮಯವನ್ನು ಅಲಾರ್ಮ್ಸ್ ಎಪಿಐಗೂ ವಹಿಸಬೇಕು. ವೆಬ್-ಎಕ್ಸ್‌ಟ್ ಈ ವಿಷಯದಲ್ಲಿ ತುಟಿ ಬಿಚ್ಚುವುದಿಲ್ಲ.

'ಲಿಂಟ್' ಮಾತ್ರ ನಿಜಕ್ಕೂ ಚಿನ್ನ. ಮೊಜಿಲ್ಲಾದ ಆಡ್-ಆನ್ ತಾಣ ಅಪ್‌ಲೋಡ್ ವೇಳೆ ಮಾಡುವ ತಪಾಸಣೆಯನ್ನೇ ನಿಮ್ಮ ಯಂತ್ರದಲ್ಲಿ ಮಾಡಿ ತೋರಿಸುತ್ತದೆ. ಪುಟಕ್ಕೆ ಎಚ್‌ಟಿಎಂಎಲ್ ತುಂಬುವ ಇನ್ನರ್‌ಎಚ್‌ಟಿಎಂಎಲ್‌ಗೆ ವೇರಿಯಬಲ್ ಕೊಟ್ಟರೆ ಎಚ್ಚರಿಕೆ ಬರುತ್ತದೆ. ಬರೀ ಅಕ್ಷರ ತೋರಿಸುವುದಿದ್ದರೆ ಟೆಕ್ಸ್ಟ್‌ಕಂಟೆಂಟ್ ಬಳಸಿ, ಮುಗಿಯಿತು. ಕನ್ನಡ ಇಂಟರ್‌ಫೇಸ್‌ಗೆಂದು ಲೊಕೇಲ್ಸ್ ಫೋಲ್ಡರ್ ಇಟ್ಟು 'ಡೀಫಾಲ್ಟ್ ಲೊಕೇಲ್' ಬರೆಯಲು ಮರೆತರೆ ಅದನ್ನೂ ಹಿಡಿಯುತ್ತದೆ.

'ಬಿಲ್ಡ್' ಬಗ್ಗೆ ಹೇಳುವುದು ಕಡಿಮೆ: ಜಿಪ್ ಕಟ್ಟುವಾಗ ನೋಡ್-ಮಾಡ್ಯೂಲ್ಸ್ ಮತ್ತು ಚುಕ್ಕಿಯಿಂದ ಶುರುವಾಗುವ ಫೈಲ್‌ಗಳನ್ನು ತಾನೇ ಬಿಡುತ್ತದೆ, ಉಳಿದ ಕಸವನ್ನು 'ಇಗ್ನೋರ್-ಫೈಲ್ಸ್'ನಲ್ಲಿ ನೀವೇ ಹೇಳಬೇಕು.

ಎಕ್ಸ್‌ಟೆನ್ಷನ್‌ಗೆ ಮೊಜಿಲ್ಲಾದ ಡಿಜಿಟಲ್ ಸಹಿ ಪಡೆಯುವ 'ಸೈನ್'ಗೆ ಎಪಿಐ ಕೀ, ಸೀಕ್ರೆಟ್ ಬೇಕು. ವೆಬ್-ಎಕ್ಸ್‌ಟ್‌ನ 8ನೇ ಆವೃತ್ತಿಯಿಂದ 'ಚಾನೆಲ್' ಹೇಳುವುದು ಕಡ್ಡಾಯ: ತಾಣದಲ್ಲಿ ಪ್ರಕಟಿಸಲು 'ಲಿಸ್ಟೆಡ್', ನೀವೇ ಹಂಚಲು 'ಅನ್‌ಲಿಸ್ಟೆಡ್'. ವಿ3 ಮ್ಯಾನಿಫೆಸ್ಟ್‌ನಲ್ಲಿ ಗೆಕೋ ಐಡಿ (ಫೈರ್‌ಫಾಕ್ಸ್‌ಗಾಗಿ ಎಕ್ಸ್‌ಟೆನ್ಷನ್‌ನ ಗುರುತು) ಇಲ್ಲದಿದ್ದರೆ ಸಹಿ ಸಿಗದು. ಒಮ್ಮೆ ಕಳಿಸಿದ ಆವೃತ್ತಿ ಸಂಖ್ಯೆ ಮತ್ತೆ ನಡೆಯುವುದಿಲ್ಲ, ಒಂದು ಕಾಮಾ ತಿದ್ದಿದ್ದರೂ 1.0.1 ಅನ್ನು 1.0.2 ಮಾಡಲೇಬೇಕು. ಮಿನಿಫೈ ಮಾಡಿದ, ಅಂದರೆ ಕುಗ್ಗಿಸಿದ ಕೋಡ್ ಇದ್ದರೆ ಮೂಲ ಕೋಡನ್ನೂ, ಬಿಲ್ಡ್ ಮಾಡುವ ಕ್ರಮವನ್ನೂ ಜೊತೆಗೆ ಕಳಿಸಿ. ಪರಿಶೀಲಕರು ಕೇಳುವುದೇ ಅದನ್ನು.

'ರನ್'ಗೆ ಕ್ರೋಮ್‌ನಲ್ಲಿ ಪರೀಕ್ಷಿಸಲು 'ಟಾರ್ಗೆಟ್ ಕ್ರೋಮಿಯಂ' ಎಂಬ ಆಯ್ಕೆ ಇದೆ ನಿಜ. ಆದರೆ ಕ್ರೋಮ್ 137ರಿಂದ ಗೂಗಲ್ ತನ್ನ ಅಧಿಕೃತ ಕ್ರೋಮ್‌ನಲ್ಲಿ ಕಮಾಂಡ್ ಲೈನ್‌ನಿಂದ ಎಕ್ಸ್‌ಟೆನ್ಷನ್ ಹಾಕುವ 'ಲೋಡ್-ಎಕ್ಸ್‌ಟೆನ್ಷನ್' ಫ್ಲ್ಯಾಗ್ ತೆಗೆದುಹಾಕಿದೆ. ಆ ಫ್ಲ್ಯಾಗ್ ನಂಬಿಕೊಂಡ ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಬ್ರೌಸರ್ ತೆರೆದರೂ ಎಕ್ಸ್‌ಟೆನ್ಷನ್ ಇರುವುದಿಲ್ಲ. ಕ್ರೋಮಿಯಂ ಅಥವಾ 'ಕ್ರೋಮ್ ಫಾರ್ ಟೆಸ್ಟಿಂಗ್' ಇಟ್ಟುಕೊಳ್ಳಿ. ಕ್ರೋಮ್ ವೆಬ್ ಸ್ಟೋರ್‌ಗೆ ಕಳಿಸುವ ಕಮಾಂಡ್ ಇದರಲ್ಲಿಲ್ಲ. ಒಂದು ಬಾರಿಯ 5 ಡಾಲರ್ ನೋಂದಣಿ ಶುಲ್ಕ ಕಟ್ಟಿ, ಜಿಪ್ ಅನ್ನು ಡ್ಯಾಶ್‌ಬೋರ್ಡ್‌ನಲ್ಲಿ ಕೈಯಾರೆ ಹಾಕಬೇಕು.