ಗಾಣದ ಎಣ್ಣೆಗೆ ಪೂರ್ಣ ಅಂಕ, ಬಾಗಿಲಿನ ಫಲಕಕ್ಕಲ್ಲ

ಹುಬ್ಬಳ್ಳಿಯ ನಮ್ಮ ಬಡಾವಣೆಯ ಗಾಣದ ಅಂಗಡಿಯಿಂದ ಕೆಲವು ತಿಂಗಳಿಂದ ಕುಸುಬೆ ಮತ್ತು ಶೇಂಗಾ ಎಣ್ಣೆ ತರುತ್ತಿದ್ದೇನೆ. ಎಣ್ಣೆಯ ಬಗ್ಗೆ ದೂರಿಲ್ಲ. ಮೋಟಾರಿನಿಂದ ತಿರುಗುವ ಮರದ ಗಾಣದಲ್ಲಿ ಕಣ್ಣೆದುರೇ ಅರೆದು, ಗಸಿ ತಳಕ್ಕೆ ಇಳಿಯುವವರೆಗೆ ಕಾಯ್ದು, ತಿಳಿಯನ್ನಷ್ಟೇ ಬಸಿದು ಕೊಡುತ್ತಾರೆ. ಶೇಂಗಾ ಎಣ್ಣೆಯ ಘಮವಂತೂ ಒಗ್ಗರಣೆ ಹಾಕುವ ಮೊದಲೇ ಮನೆ ತುಂಬುತ್ತದೆ.

ತಕರಾರಿರುವುದು ‘ಎ, ಡಿ, ಇ, ಕೆ ಜೀವಸತ್ವಗಳ ಭಂಡಾರ’ ಎಂಬ ಬಾಗಿಲಿನ ಫಲಕದ ಬಗ್ಗೆ. ಈ ನಾಲ್ಕೂ ಕೊಬ್ಬಿನಲ್ಲಿ ಕರಗುವಂಥವು ಎಂಬುದು ನಿಜ. ಹಾಗೆಂದು ಪ್ರತಿ ಎಣ್ಣೆಯಲ್ಲೂ ಅವು ಇರಬೇಕೆಂದೇನಿಲ್ಲ. ಜೀವಕೋಶದ ಪೊರೆಯಲ್ಲಿನ ಕೊಬ್ಬು ಆಮ್ಲಜನಕಕ್ಕೆ ಸಿಕ್ಕಿ ಕೆಡದಂತೆ ಕಾಯುವ ಇ ಜೀವಸತ್ವವು 100 ಗ್ರಾಂ ಕುಸುಬೆ ಎಣ್ಣೆಯಲ್ಲಿ ಸುಮಾರು 34 ಮಿಲಿಗ್ರಾಂ ಇದ್ದರೆ, ಶೇಂಗಾದಲ್ಲಿ ಅದರ ಅರ್ಧಕ್ಕಿಂತ ತುಸು ಕಡಿಮೆ, ಕೊಬ್ಬರಿ ಎಣ್ಣೆಯಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಫಲಕ ಮಾತ್ರ ಮೂರಕ್ಕೂ ಒಂದೇ! ಎ ಮತ್ತು ಡಿ ಈ ಎಣ್ಣೆಗಳಲ್ಲಿ ಸಹಜವಾಗಿ ಇರುವುದೇ ಇಲ್ಲ. ಪ್ಯಾಕೆಟ್ ಎಣ್ಣೆಯ ಮೇಲೆ ‘+ಎಫ್’ ಗುರುತಿದ್ದರೆ, ಅವನ್ನು ಹೊರಗಿನಿಂದ ಬೆರೆಸಲಾಗಿದೆ ಎಂದರ್ಥ. ಕ್ಯಾಲ್ಸಿಯಂ ಹೀರಿಕೆಗೆ ಬೇಕಾದ ಡಿ ಜೀವಸತ್ವಕ್ಕೆ ಬಿಸಿಲು, ಮೊಟ್ಟೆಯ ಹಳದಿ, ಬೂತಾಯಿಯಂಥ ಮೀನುಗಳೇ ಗತಿ.

ಫಲಕದಲ್ಲಿ ಬರೆಯದೆ ಬಿಟ್ಟ ಉಪಕಾರವೊಂದಿದೆ. ಇರುಳುಗಣ್ಣು ಬಾರದಂತೆ ತಡೆಯುವ ಎ ಜೀವಸತ್ವವಾಗಿ ದೇಹದಲ್ಲಿ ಮಾರ್ಪಡುವ ಬೀಟಾ ಕ್ಯಾರೋಟಿನ್ ನುಗ್ಗೆ ಸೊಪ್ಪಿನಲ್ಲಿ, ಗಜ್ಜರಿಯಲ್ಲಿ ಹೇರಳ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಪಾಲಕ್, ಮೆಂತ್ಯ ಸೊಪ್ಪುಗಳಲ್ಲಿದೆ. ಇವೆರಡೂ ಕರುಳಿನಲ್ಲಿ ಚೆನ್ನಾಗಿ ಹೀರಿಕೆಯಾಗಲು ಊಟದಲ್ಲಿ ಸ್ವಲ್ಪ ಕೊಬ್ಬು ಇರಲೇಬೇಕು. ಪಲ್ಯಕ್ಕೆ ಒಂದು ಚಮಚ ಎಣ್ಣೆ ಸಾಕು; ಅದು ಗಾಣದ್ದೇ ಆಗಬೇಕೆಂದಿಲ್ಲ.

ಇನ್ನೊಂದು ಕೊರತೆಯೆಂದರೆ, ಪಾರದರ್ಶಕ ಬಾಟಲಿಗಳನ್ನು ನೇರ ಬಿಸಿಲು ಬೀಳುವ ಮುಂದಿನ ಕಟ್ಟೆಯ ಮೇಲೆ ಜೋಡಿಸಿರುತ್ತಾರೆ. ಎಣ್ಣೆಯ ಬಂಗಾರದ ಬಣ್ಣ ಕಾಣಲೆಂಬುದು ಅವರ ಉದ್ದೇಶವಿರಬಹುದು, ಆದರೆ ಬೆಳಕಿಗೆ ಎಣ್ಣೆ ಕಮಟಾಗುತ್ತದೆ, ಇ ಜೀವಸತ್ವವೂ ಕುಗ್ಗುತ್ತದೆ. ಸ್ಟೀಲ್ ಡಬ್ಬಿ ಒಯ್ದು ಕೇಳಿದರೆ ಒಳಗಿನ ಪೀಪಾಯಿಯಿಂದ ಬೇಸರವಿಲ್ಲದೆ ಅಳೆದು ಕೊಡುತ್ತಾರೆ. ಒಗ್ಗರಣೆಗೆ, ಚಟ್ನಿಪುಡಿಯ ಮೇಲೆ ಹಾಕಿಕೊಳ್ಳಲು ಹೀಗೆ ತರುವುದು ಲೇಸು. ಬಜ್ಜಿ ಕರಿಯಲು ಇಷ್ಟು ದುಬಾರಿ ಎಣ್ಣೆ ದಂಡ.