ಕುತ್ತಿಗೆವರೆಗೆ ಬಿಸಿನೀರು: ಮಡಚುವ ಬಾತ್‌ಟಬ್ ಹೇಗಿದೆ?

ಟಬ್ಬು ಬಂದ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಒಂದು ಮಾತು ಅಚ್ಚಾಗಿದೆ: ಒಂದು ಗಂಟೆ ಬಿಸಿನೀರಿನಲ್ಲಿ ಕೂತರೆ 140 ಕ್ಯಾಲರಿ ಕರಗುತ್ತದೆ. ಇದನ್ನು ನಂಬಿ ನಮ್ಮ ಬೀದಿಯಲ್ಲೇ ಇಬ್ಬರು ಆರ್ಡರ್ ಮಾಡಿದ್ದಾರೆ. ನಾನು ತರಿಸಿದ್ದು ಬೆನ್ನಿಗೆ ಮತ್ತು ನಿದ್ದೆಗೆ. ಆದರೆ ಮೈಸೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಫಿಸಿಯಾಲಜಿ ಪಾಠ ಹೇಳಿದವಳು ನಾನು. ಆ 140ರ ಲೆಕ್ಕ ಬಿಡಿಸದೆ ಟಬ್ಬಿನ ಬಗ್ಗೆ ಮಾತ್ರ ಬರೆದು ಮುಗಿಸಲು ಮನಸ್ಸು ಒಪ್ಪುವುದಿಲ್ಲ.

ಮೊದಲು ವಸ್ತು ಹೇಗಿದೆ ನೋಡೋಣ. ದಪ್ಪ ಪಿವಿಸಿ ಗೋಡೆ, ಅದರೊಳಗೆ ತೆಳ್ಳನೆ ಫೋಮ್ ಪದರ, ಸುತ್ತಲೂ ನೆಟ್ಟಗೆ ನಿಲ್ಲಿಸಲು ಕೋಲುಗಳು, ತಳದಲ್ಲಿ ನೀರು ಬಿಡಲು ಪೈಪು, ಮೇಲೆ ಹೊದಿಸಲು ಮುಚ್ಚಳ. ಅಡ್ಡಳತೆ 70 ಸೆಂಟಿಮೀಟರ್, ಎತ್ತರವೂ ಅಷ್ಟೇ. ನಾಲ್ಕೂವರೆ ಸಾವಿರದೊಳಗೆ ಸಿಕ್ಕಿತು. ಜೋಡಿಸಲು ಸಹಾಯಕ್ಕೆ ಯಾರೂ ಬೇಕಾಗಿಲ್ಲ. ಕಾಲು ಚಾಚಿ ಮಲಗುವ ಟಬ್ಬು ಇದಲ್ಲ, ಮೊಣಕಾಲು ಮಡಚಿ ಕೂರಬೇಕು. ಆರಡಿ ಎತ್ತರದ ನಮ್ಮನೆಯವರಿಗೆ ಇದರಲ್ಲಿ ನೆಮ್ಮದಿಯಿಲ್ಲ. ನನಗೆ ಸರಿಯಾಗಿ ಹೊಂದುತ್ತದೆ, ನೀರು ಭುಜದವರೆಗೆ ಬರುತ್ತದೆ.

ನೀರು ಎಲ್ಲಿಯವರೆಗೆ ಬರುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ನಮ್ಮಲ್ಲಿ ಬಿಸಿನೀರ ಸ್ನಾನವೆಂದರೆ ಹಂಡೆಯಿಂದ ತೋಡಿ ಮೈಮೇಲೆ ಹುಯ್ದುಕೊಳ್ಳುವುದು. ನೀರು ತುಂಬುವ ಹಬ್ಬದ ಮಾರನೇ ಬೆಳಗ್ಗೆ ಎಣ್ಣೆ ಹಚ್ಚಿಸಿಕೊಂಡು ಕೂತ ಮಕ್ಕಳಿಗೆ ಎಷ್ಟೇ ಕಾದ ನೀರು ಹುಯ್ದರೂ ಒಂದು ಚೊಂಬಿಗೂ ಇನ್ನೊಂದು ಚೊಂಬಿಗೂ ನಡುವೆ ಮೈಮೇಲಿನ ನೀರು ಆರುತ್ತದೆ. ಆರುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಹಾಗಾಗಿ ಚರ್ಮ ಬೆಚ್ಚಗಾಗುತ್ತದೆಯೇ ಹೊರತು ಮೈಯೊಳಗಿನ ತಾಪ ಹೆಚ್ಚು ಏರುವುದಿಲ್ಲ. ಮುಳುಗಿ ಕೂತಾಗ ಕಥೆಯೇ ಬೇರೆ. ಬೆವರುತ್ತೇವೆ, ಆದರೆ ನೀರಿನಡಿಯ ಬೆವರು ಆರುವಂತಿಲ್ಲ. 40 ಡಿಗ್ರಿ ನೀರು ಮೈಗಿಂತ ಬಿಸಿಯಿರುವುದರಿಂದ ಶಾಖ ಒಳಕ್ಕೇ ಹರಿಯುತ್ತದೆ. ಒಂದು ಗಂಟೆಯಲ್ಲಿ ಒಳಗಿನ ತಾಪ ಸುಮಾರು ಒಂದು ಡಿಗ್ರಿ ಏರಬಹುದು. ಮೈ ಒಂದು ಡಿಗ್ರಿ ಬಿಸಿಯಾದರೆ ಜೀವಕೋಶಗಳ ರಾಸಾಯನಿಕ ಕೆಲಸ ಶೇ. 10ರಿಂದ 13ರಷ್ಟು ಚುರುಕಾಗುತ್ತದೆ. ಜ್ವರದಲ್ಲಿ ಆಗುವುದೂ ಇದೇ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಅವಕ್ಕೆಲ್ಲ ರಕ್ತ ಒದಗಿಸಲು ಹೃದಯ ಜೋರಾಗಿ ಬಡಿಯುತ್ತದೆ. ನನ್ನ ನಾಡಿ ನಿಮಿಷಕ್ಕೆ 72ರಿಂದ ನೂರರ ಹತ್ತಿರ ಹೋಗುತ್ತದೆ, ಕೈಕಾಲು ಒಂಚೂರೂ ಆಡಿಸದೆ.

ಇನ್ನು 140ರ ವಿಷಯ. ಈ ಅಂಕಿ ಎಲ್ಲಿಂದಲೋ ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಫಾಕ್ನರ್ ಮತ್ತು ಸಂಗಡಿಗರು ಗಂಡಸರನ್ನು 40 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಕೂರಿಸಿ ಅಳೆದರು. ಇನ್ನೊಂದು ದಿನ ಅವರಿಂದಲೇ ಒಂದು ಗಂಟೆ ಸೈಕಲ್ ತುಳಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನೀರಿನಲ್ಲಿದ್ದಾಗ ಶಕ್ತಿಯ ಖರ್ಚು ಸುಮ್ಮನೆ ಕೂತಿದ್ದಾಗಿನದಕ್ಕಿಂತ ಶೇ. 80ರಷ್ಟು ಹೆಚ್ಚಿತ್ತು, ಸುಮಾರು 140 ಕ್ಯಾಲರಿ, ಅರ್ಧ ಗಂಟೆಯ ನಡಿಗೆಗೆ ಸಮ ಎಂದು ಪತ್ರಿಕೆಗಳು ಬರೆದವು. ಡಬ್ಬದವರು ಅಲ್ಲಿಗೇ ನಿಲ್ಲಿಸಿದ್ದಾರೆ. ಆದರೆ ಶೇ. 80 ಹೆಚ್ಚಾಗಿ 140 ಆಯಿತೆಂದರೆ, ಅದೇ ಮನುಷ್ಯ ಕುರ್ಚಿಯಲ್ಲಿ ಕೂತು ಪೇಪರ್ ಓದಿದ್ದರೂ 78ರ ಹತ್ತಿರ ಖರ್ಚಾಗುತ್ತಿತ್ತು. ನೀರಿನಿಂದ ಬಂದ ಲಾಭ ಉಳಿದ 60 ಚಿಲ್ಲರೆ, ಒಂದು ಇಡ್ಲಿಯ ಆಸುಪಾಸು. ಗಂಡಸರಿಗಿಂತ ಸಣ್ಣ ಮೈಯ ನನ್ನಂಥವಳಿಗೆ ಇನ್ನೂ ಕಡಿಮೆ. ಅದೇ ಸೈಕಲ್ ತುಳಿದ ದಿನ ಅವರು ಇದರ ಹಲವು ಪಟ್ಟು ಖರ್ಚು ಮಾಡಿದ್ದರು. ತೂಕ ಇಳಿಸಲೆಂದು ಯಾರಾದರೂ ಈ ಟಬ್ಬು ಕೊಳ್ಳುವುದಾದರೆ ದಯವಿಟ್ಟು ಬೇಡ. ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ, ಅದಕ್ಕೆ ಖರ್ಚೂ ಇಲ್ಲ. ಸ್ನಾನದ ನಂತರ ತಕ್ಕಡಿ ಅರ್ಧ ಕೆ.ಜಿ. ಕಡಿಮೆ ತೋರಿಸಿದರೆ ಅದು ಹೋದ ಬೆವರು. ಎರಡು ಲೋಟ ನೀರು ಕುಡಿದರೆ ಮರಳಿ ಬರುತ್ತದೆ.

ಅದೇ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ, ಅದನ್ನು ಡಬ್ಬದ ಮೇಲೆ ಹಾಕಿಲ್ಲ. ಬಿಸಿನೀರಿನಲ್ಲಿ ಕೂತ ನಂತರ ಊಟ ಮಾಡಿದಾಗ ರಕ್ತದ ಸಕ್ಕರೆ ಏರಿದ ತುದಿಮಟ್ಟ, ಸೈಕಲ್ ತುಳಿದ ನಂತರದ್ದಕ್ಕಿಂತ ಸುಮಾರು ಶೇ. 10 ಕಡಿಮೆಯಿತ್ತು. 2018ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಬಂದ ಇನ್ನೊಂದು ಕೆಲಸದಲ್ಲಿ, ಓಡಾಟವಿಲ್ಲದ, ತೂಕ ಹೆಚ್ಚಿದ್ದ ಗಂಡಸರು ಎರಡು ವಾರದಲ್ಲಿ ಹತ್ತು ಸಲ ಬಿಸಿನೀರಿನಲ್ಲಿ ಮುಳುಗಿ ಕೂತ ಮೇಲೆ ಅವರ ಹಸಿದ ಹೊಟ್ಟೆಯ ಸಕ್ಕರೆ, ಇನ್ಸುಲಿನ್ ಎರಡೂ ಇಳಿದವು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದಲ್ಲಿ ಎಂಟು ವಾರ ಹೀಗೆ ನೀರಿನಲ್ಲಿ ಕೂತ ಆರೋಗ್ಯವಂತ ಯುವಕ ಯುವತಿಯರ ರಕ್ತನಾಳಗಳು ಮೊದಲಿಗಿಂತ ಚೆನ್ನಾಗಿ ಹಿಗ್ಗತೊಡಗಿದವು. ಇವೆಲ್ಲ ಬೆರಳೆಣಿಕೆಯ ಜನರ ಮೇಲೆ ನಡೆದ ಸಣ್ಣ ಪ್ರಯೋಗಗಳು. ಆದರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿವೆ: ಕೊಬ್ಬು ಕರಗುವುದಕ್ಕಿಂತ ರಕ್ತನಾಳ ಮತ್ತು ಸಕ್ಕರೆಯ ನಿರ್ವಹಣೆಯಲ್ಲೇ ಬಿಸಿನೀರು ಮಾಡುವ ಕೆಲಸ ದೊಡ್ಡದು.

ಒಂದು ಗಂಟೆ ಕೂರುವುದು ಸುಖವೆಂದು ಮಾತ್ರ ತಿಳಿಯಬೇಡಿ. ಅರ್ಧ ಗಂಟೆ ದಾಟಿದ ಮೇಲೆ ಮುಖ ಕೆಂಪಾಗಿ, ಚಡಪಡಿಕೆ ಶುರುವಾಗಿ, ಸಾಕಪ್ಪಾ ಅನ್ನಿಸುತ್ತದೆ. ನಾನು 20ರಿಂದ 25 ನಿಮಿಷಕ್ಕೆ ಎದ್ದುಬಿಡುತ್ತೇನೆ. ನಿದ್ದೆಗೆ ಅಷ್ಟು ಬೇಕಾದಷ್ಟಾಯಿತು. ಮಲಗುವ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ನೀರಿನಲ್ಲಿ ಹತ್ತೇ ನಿಮಿಷ ಕಳೆದರೂ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಹತ್ತುತ್ತದೆ ಎಂದು, ಹಲವು ಅಧ್ಯಯನಗಳನ್ನು ಒಟ್ಟು ನೋಡಿ ಟೆಕ್ಸಾಸ್ ವಿಶ್ವವಿದ್ಯಾಲಯದವರು 2019ರಲ್ಲಿ ಹೇಳಿದ್ದಾರೆ. ಅಂಗೈ ಅಂಗಾಲಿಗೆ ರಕ್ತ ನುಗ್ಗಿ, ಅಲ್ಲಿಂದ ಶಾಖ ಹೊರಹೋಗಿ, ಒಳಗಿನ ತಾಪ ಇಳಿಯುತ್ತದೆ. ಹಾಗೆ ಇಳಿಯುವಾಗಲೇ ನಿದ್ದೆ ಬರುವುದು. ರಾತ್ರಿ ಎಂಟಕ್ಕೆ ಸ್ನಾನ, ಒಂದು ತಟ್ಟೆ ಬಿಸಿ ಅನ್ನ ಸಾರು, ಹತ್ತಕ್ಕೆ ಹಾಸಿಗೆ. ಮಧ್ಯರಾತ್ರಿವರೆಗೆ ಹೊರಳಾಡುತ್ತಿದ್ದ ನನಗೆ ಇದು ದೊಡ್ಡ ನೆಮ್ಮದಿ ಕೊಟ್ಟಿದೆ.

ನೀರಿನ ಮತ್ತು ಕರೆಂಟಿನ ಲೆಕ್ಕವನ್ನೂ ಕೊಡುತ್ತೇನೆ, ಇದನ್ನು ಯಾವ ವಿಮರ್ಶೆಯಲ್ಲೂ ಕಾಣಲಿಲ್ಲ. ನಾನು ಕೂತಾಗ ಭುಜ ಮುಳುಗಲು ಸುಮಾರು 165 ಲೀಟರ್ ನೀರು ಸಾಕು. ನಲ್ಲಿ ನೀರು 24 ಡಿಗ್ರಿ ಇದ್ದರೆ ಅದನ್ನು 40ಕ್ಕೆ ತರಲು ಮೂರು ಯೂನಿಟ್ ಕರೆಂಟು ಬೇಕು. 15 ಲೀಟರಿನ ಗೀಸರ್ ನಂಬಿಕೊಂಡರೆ ಒಂದು ಕಡೆ ತುಂಬುವಷ್ಟರಲ್ಲಿ ಇನ್ನೊಂದು ಕಡೆ ಆರುತ್ತದೆ. ಮಹಡಿ ಮೇಲೆ ಸೋಲಾರ್ ಇದ್ದವರಿಗೆ ಈ ಟಬ್ಬು ನಿಜಕ್ಕೂ ಹೇಳಿಮಾಡಿಸಿದ್ದು. ಸೋಲಾರಿನ 60 ಡಿಗ್ರಿ ನೀರು 75 ಲೀಟರ್, ತಣ್ಣೀರು 90 ಲೀಟರ್ ಬೆರೆಸಿದರೆ ಹದ ಸಿಗುತ್ತದೆ. ತಣ್ಣೀರನ್ನು ಮೊದಲು ಬಿಡಿ, ಬಿಸಿಯನ್ನು ಆಮೇಲೆ. ಥರ್ಮಾಮೀಟರ್ ಇಟ್ಟುಕೊಳ್ಳಿ, ಮೊಣಕೈ ಅದ್ದಿ ಅಂದಾಜು ಮಾಡಿದರೆ 40ಕ್ಕೂ 43ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಮೈಗೆ ಮಾತ್ರ ಅದು ಬಹಳ ದೊಡ್ಡ ವ್ಯತ್ಯಾಸ. ಮುಚ್ಚಳ ಹೊದಿಸಿಕೊಂಡರೆ ಅರ್ಧ ಗಂಟೆಯಲ್ಲಿ ಒಂದೂವರೆ ಡಿಗ್ರಿ ಇಳಿಯುತ್ತದೆ, ಹೊದಿಸದಿದ್ದರೆ ಅದರ ಎರಡರಷ್ಟು. ಸ್ನಾನದ ನೀರು ವ್ಯರ್ಥವಲ್ಲ: ಸೋಪು ಹಾಕುವುದಿಲ್ಲವಾದ್ದರಿಂದ ಬೆಳಗ್ಗೆ ತಣಿದ ನೀರು ಪೈಪಿನಲ್ಲಿ ಹಿತ್ತಲ ಬಾಳೆಗೆ, ಕರಿಬೇವಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನೀರು ಎರಡು ದಿನಕ್ಕೊಮ್ಮೆ ಬಿಡುವಾಗ ಟಬ್ಬನ್ನು ಮಡಚಿ ಅಟ್ಟಕ್ಕೆ ಹಾಕುತ್ತೇನೆ.

ಕೊರತೆಗಳು: ನೀರು ಬಿಡುವ ಪೈಪಿನ ಬಿರಡೆ ಬಲು ತೆಳು, ಕೆಲವೇ ವಾರದಲ್ಲಿ ಜಿನುಗತೊಡಗಿತು. ಹಾರ್ಡ್‌ವೇರ್ ಅಂಗಡಿಯ ರಬ್ಬರ್ ವಾಷರ್ ಹಾಕಿದ ಮೇಲೆ ನಿಂತಿತು. ಗೋಡೆ ಮೆತ್ತಗಿರುವುದರಿಂದ ಏಳುವಾಗ ಅದನ್ನು ಹಿಡಿದು ಎದ್ದರೆ ವಾಲುತ್ತದೆ. ಇದು ಸಣ್ಣ ವಿಷಯವಲ್ಲ. ಹಿಗ್ಗಿದ ರಕ್ತನಾಳಗಳೊಂದಿಗೆ ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಪಕ್ಕದ ಗೋಡೆಗೆ ಸ್ಟೀಲ್ ಹಿಡಿಕೆ ಕೂರಿಸಿ, ಆಮೇಲೆ ಟಬ್ಬು ಕೊಳ್ಳಿ. ಮನೆಯಲ್ಲಿ ಒಬ್ಬರೇ ಇದ್ದಾಗ ಬೇಡ. ಚಿಲಕ ಹಾಕುವುದೂ ಬೇಡ.

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾನು ಮೇಲೆ ಹೇಳಿದ್ದನ್ನೆಲ್ಲ ಕೇಳಿ ಅವರಿಗೂ ಕೂರಬೇಕೆನ್ನಿಸಿತು. ನಾನು ಒಪ್ಪಲಿಲ್ಲ. ಬಿಸಿಗೆ ಇನ್ಸುಲಿನ್ ಬೇಗ ರಕ್ತ ಸೇರುತ್ತದೆ, ಸಕ್ಕರೆ ಹಠಾತ್ತಾಗಿ ಇಳಿಯಬಹುದು. ಮರಗಟ್ಟಿದ ಪಾದಗಳಿಗೆ ನೀರು ಸುಡುವುದು ತಿಳಿಯುವುದಿಲ್ಲ. ಹೃದಯದ ತೊಂದರೆ ಇರುವವರು, ಬಿ.ಪಿ. ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಬಸುರಿಯರಿಗೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಬೇಡವೇ ಬೇಡ. ಇನ್ನು ಗ್ಯಾಸ್ ಗೀಸರ್ ಬಚ್ಚಲೊಳಗೇ ಇರುವ ಮನೆಗಳಿಗೆ ಈ ಟಬ್ಬನ್ನು ನಾನು ಶಿಫಾರಸು ಮಾಡಲಾರೆ. ಮುಚ್ಚಿದ ಬಚ್ಚಲಲ್ಲಿ ಅಷ್ಟು ಹೊತ್ತು ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಆರೋಗ್ಯವಾಗಿರುವ, ಐದೂವರೆ ಅಡಿಯೊಳಗಿನ, ಸೋಲಾರ್ ನೀರಿರುವ ಮನೆಯವರಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಡಬ್ಬದ ಮಾತಿಗೆ ಅಂಕವಿಲ್ಲ. 65 ಸೆಂಟಿಮೀಟರ್ ಅಡ್ಡಳತೆಯ ಇನ್ನೊಂದು ಮಾದರಿ ಐನೂರು ರೂಪಾಯಿ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ಮೊಣಕಾಲು ನೀರಿನಿಂದ ಮೇಲೆ ಉಳಿಯುತ್ತದೆ. ಅದನ್ನು ಬಿಟ್ಟು ದೊಡ್ಡದನ್ನೇ ತೆಗೆದುಕೊಳ್ಳಿ.