ಫ್ಯಾಮಿಲಿಸರ್ಚ್: ‘ಬಿನ್’, ‘ಕೋಂ’ ತಿಳಿಯದ ವಂಶವೃಕ್ಷ

ದುಡ್ಡು ಕೇಳುವುದಿಲ್ಲ. ಮೊದಲು ಹೇಳಬೇಕಾದ್ದು ಇದನ್ನೇ, ಏಕೆಂದರೆ ವಂಶ ಹುಡುಕಿಕೊಡುತ್ತೇವೆ ಅನ್ನುವ ಬಹಳಷ್ಟು ಜಾಲತಾಣಗಳು ನಾಲ್ಕು ಹೆಸರು ಟೈಪ್ ಮಾಡುವಷ್ಟರಲ್ಲಿ ಕಾರ್ಡ್ ನಂಬರಿಗೆ ಕೈ ಚಾಚುತ್ತವೆ. ಫ್ಯಾಮಿಲಿಸರ್ಚ್ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವ ತಾಣ. 1894ರಲ್ಲಿ ವಂಶಾವಳಿಗೆಂದೇ ಸಂಘ ಕಟ್ಟಿ, 1938ರಿಂದ ದೇಶದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತ ಬಂದವರು. ಆ 24 ಲಕ್ಷ ಸುರುಳಿಗಳನ್ನು ಡಿಜಿಟಲ್ ಮಾಡುವ ಕೆಲಸ 2021ರಲ್ಲಿ ಮುಗಿಯಿತು. ಇಷ್ಟು ದೊಡ್ಡ ಕಣಜದಲ್ಲಿ ಬೆಂಗಳೂರಿನವರ ಪಾಲಿಗೆ ಎಷ್ಟು ಕಾಳಿದೆ ಅನ್ನುವುದು, ನಿಮ್ಮ ಮುತ್ತಜ್ಜ ದಂಡಿನವರೋ ಪೇಟೆಯವರೋ ಅನ್ನುವುದರ ಮೇಲೆ ನಿಂತಿದೆ.

ದಂಡಿನವರಾದರೆ ಅದೃಷ್ಟ. ದಂಡು, ಅಂದರೆ ಕಂಟೋನ್ಮೆಂಟ್, 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಸೇಂಟ್ ಮಾರ್ಕ್ಸ್, ಹೋಲಿ ಟ್ರಿನಿಟಿಯಂಥ ಚರ್ಚುಗಳಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ತಾಣದಲ್ಲಿರುವ ಭಾರತದ ಜನನ–ದೀಕ್ಷಾಸ್ನಾನ ಸೂಚಿ 1786ರಿಂದ 1947ರವರೆಗಿನದು. ಎಡವುವುದು ಊರಿನ ಕಾಲಂನಲ್ಲಿ: ‘ಬೆಂಗಳೂರು, ಕರ್ನಾಟಕ’ ಎಂದೋ ‘ಮೈಸೂರು’ ಎಂದೋ ಹಾಕಿದರೆ ಖಾಲಿ ಪುಟ ಬರಬಹುದು. ಊರಿನ ಹಳೆಯ ಇಂಗ್ಲಿಷ್ ಸ್ಪೆಲಿಂಗ್ ಹಾಕಿ, ಪ್ರಾಂತ್ಯ ಮದ್ರಾಸ್ ಎಂದು ಕೊಟ್ಟು ನೋಡಿ. ಸ್ಪೆಲಿಂಗ್ ಖಚಿತವಿಲ್ಲದಿದ್ದರೆ ಹೆಸರಿನ ಅರ್ಧ ಬರೆದು ನಕ್ಷತ್ರ ಚಿಹ್ನೆ ಹಾಕಿ. ಒಂದೇ ಅಕ್ಷರದ ಅನುಮಾನಕ್ಕೆ ಪ್ರಶ್ನಾರ್ಥಕ ಚಿಹ್ನೆ. ಸಿಗುವುದು ಮಗುವಿನ ಹೆಸರು, ತಂದೆತಾಯಿಯ ಹೆಸರು, ತಾರೀಖು, ಫಿಲ್ಮ್ ನಂಬರು ಇಷ್ಟೇ. ಮೂಲ ಪುಟದ ಚಿತ್ರ ಬೇಕೆಂದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಶ್ರೇಣಿ ನೋಡಬೇಕು. ಅದು ಫೈಂಡ್‌ಮೈಪಾಸ್ಟ್ ಎಂಬ ಇನ್ನೊಂದು ವಂಶಾವಳಿ ತಾಣದಲ್ಲಿದೆ, ದುಡ್ಡು ಕೊಟ್ಟು. ಅದಕ್ಕೂ ಮೊದಲು, ಬ್ರಿಟಿಷ್ ಇಂಡಿಯಾದ ಕುಟುಂಬಗಳ ವಂಶ ಹುಡುಕುವ ಫಿಬಿಸ್ ಸಂಸ್ಥೆಯ ಉಚಿತ ಸೂಚಿಯಲ್ಲಿ ಒಮ್ಮೆ ಕಣ್ಣಾಡಿಸುವುದು ಲಾಭ. ಮದುವೆ ದಾಖಲೆ ಸಿಕ್ಕರೆ ಬಿಡಬೇಡಿ, ಅದರಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ತಂದೆಯರ ಹೆಸರು ಇರುತ್ತದೆ. ಸ್ಥಳೀಯ ತಮಿಳು, ಕನ್ನಡ ಕ್ರೈಸ್ತ ಕುಟುಂಬಗಳ ದಾಖಲೆ ಮಾತ್ರ ಹೆಚ್ಚಾಗಿ ಆಯಾ ಚರ್ಚಿನ ರಿಜಿಸ್ಟರಿನಲ್ಲೇ ಉಳಿದಿದೆ. ಪಾದ್ರಿಗಳ ಅನುಮತಿ ಕೇಳಿ ಅಲ್ಲೇ ನೋಡಬೇಕು.

ಪೇಟೆಯವರಿಗೆ, ಹಳ್ಳಿಯಿಂದ ಬಂದವರಿಗೆ, ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ, ಹುಡುಕಿದಾಗ ಬರುವುದು ಸೊನ್ನೆ. ‘ಹಿಂದೂ ತೀರ್ಥಯಾತ್ರೆ ದಾಖಲೆಗಳು’ ಎಂಬ ದೊಡ್ಡ ಸಂಗ್ರಹವೊಂದಿದೆ. ಆದರೆ ಅದು ಬಹುಪಾಲು ಹರಿದ್ವಾರದ ಕಡೆಯ ಪಂಡಾಗಳ, ಅಂದರೆ ತೀರ್ಥ ಪುರೋಹಿತರ, ವಂಶಾವಳಿ ಬಹಿಗಳ ಚಿತ್ರ, ಉತ್ತರದವರಿಗೆ ಉಪಯೋಗ. ಇದು ತಾಣದ ಸೋಮಾರಿತನವಲ್ಲ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನದು ಹಳ್ಳಿಯ ಪುಸ್ತಕದಲ್ಲಿ, ಬರೆದವರ ನಿಷ್ಠೆಗೆ ತಕ್ಕಷ್ಟು. ಜನಗಣತಿಯ ಮನೆವಾರು ಹಾಳೆಗಳು ಇಂಗ್ಲೆಂಡ್, ಅಮೆರಿಕದಲ್ಲಿ ವಂಶ ಹುಡುಕುವವರ ಅನ್ನ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಅವನ್ನು ಯಾರಿಗೂ ತೋರಿಸುವಂತಿಲ್ಲ ಅನ್ನುತ್ತದೆ.

ಹಾಗಾದರೆ ಈ ತಾಣ ನಮಗೇಕೆ? ಸಿಕ್ಕಿದ್ದನ್ನು ಜೋಡಿಸಿಡುವ ಕಪಾಟಾಗಿ ಇದು ಚೆನ್ನಾಗಿದೆ. ಮರ ಕಟ್ಟುವುದು ಸುಲಭ, ಪ್ರತಿ ವ್ಯಕ್ತಿಗೂ ಫೋಟೋ, ಕಾಗದದ ಸ್ಕ್ಯಾನ್, ಧ್ವನಿ ಸೇರಿಸಬಹುದು. ಒಳಗೆ ಇಡುವ ಸಾಮಾನು ಮಾತ್ರ ನೀವೇ ಹೊರಗಿಂದ ತರಬೇಕು. ಬೆಂಗಳೂರಿನಲ್ಲಿದ್ದುಕೊಂಡು ಅದನ್ನು ತರುವ ಜಾಗ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು.

ಜಮೀನಿನ ಕಾಗದದಷ್ಟು ಅಚ್ಚುಕಟ್ಟಾಗಿ ವಂಶ ಹೇಳುವ ಇನ್ನೊಂದು ದಾಖಲೆ ಹಳೇ ಮೈಸೂರಿನಲ್ಲಿ ಇಲ್ಲ. ಬೇಕಾಗುವುದು ಮೂರು: ಹೋಬಳಿ, ಗ್ರಾಮ, ಸರ್ವೆ ನಂಬರು. ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಮನೆಯ ಟ್ರಂಕಿನಲ್ಲಿರುವ ಕಂದಾಯದ ರಸೀದಿ, ಕ್ರಯಪತ್ರ ಹುಡುಕಿ. ಕಂಪ್ಯೂಟರ್ ಪಹಣಿಯಿಂದ ಶುರು ಮಾಡಿ ಹಿಂದಕ್ಕೆ ನಡೆಯಿರಿ. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರನ ಹೆಸರು, 10ರಲ್ಲಿ ಜಮೀನು ಅವನಿಗೆ ಬಂದ ಬಗೆ. ಅಲ್ಲಿ ‘ಎಂ.ಆರ್. 7/1974-75’ ಎಂಬಂಥ ನಂಬರು ಇದ್ದರೆ ಅದು ಮ್ಯುಟೇಷನ್ (ಖಾತೆ ಬದಲಾವಣೆ), ‘ಐ.ಎಚ್.ಸಿ.’ ಇದ್ದರೆ ಪೌತಿ, ಅಂದರೆ ಯಜಮಾನ ತೀರಿಕೊಂಡು ಖಾತೆ ವಾರಸುದಾರರಿಗೆ ಹೋಗಿದೆ. ಆ ನಂಬರು ಹಿಡಿದು ಮ್ಯುಟೇಷನ್ ಪುಟದ ನಕಲಿಗೆ ಅರ್ಜಿ ಹಾಕಿ. ಅದಕ್ಕೂ ಹಿಂದಕ್ಕೆ ಕೈಬರಹದ ಪಹಣಿ, ಅದರ ಹಿಂದೆ ಐ.ಎಲ್. ಮತ್ತು ಆರ್.ಆರ್., ಅಂದರೆ ಜಮೀನುಗಳ ಸೂಚಿ ಮತ್ತು ಹಕ್ಕುದಾಖಲೆ.

ಮ್ಯುಟೇಷನ್ ಪುಟದಲ್ಲಿ ಒಂದು ಸಾಲು ಹೀಗಿರುತ್ತದೆ: ‘ಮುನಿಯಪ್ಪ ಉರುಫ್ ಗಿಡ್ಡಪ್ಪ ಬಿನ್ ದೊಡ್ಡ ಮುನಿಯಪ್ಪ’. ಅದರ ಕೆಳಗೆ: ‘ಮುನಿಯಮ್ಮ ಕೋಂ ಲೇಟ್ ಗಿಡ್ಡಪ್ಪ, ಮೈನರ್ ಮಗನ ಗಾರ್ಡಿಯನ್’. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ, ಉರುಫ್ ಅಂದರೆ ಊರವರು ಕರೆಯುತ್ತಿದ್ದ ಹೆಸರು. ಎರಡೇ ಸಾಲಿನಲ್ಲಿ ಮೂರು ತಲೆಮಾರು, ಒಬ್ಬ ವಿಧವೆ, ಅಪ್ಪನಿಲ್ಲದ ಒಬ್ಬ ಹುಡುಗ. ನಕಲು ಕೊಟ್ಟ ಗುಮಾಸ್ತರು ‘ಉರುಫ್’ ಬಿಟ್ಟಿದ್ದಾರೋ ನೋಡಿಕೊಳ್ಳಿ. ಮುಂದಿನ ಪುಟದಲ್ಲಿ ಅದೇ ಮನುಷ್ಯ ಬರೀ ಗಿಡ್ಡಪ್ಪನಾಗಿ ಬಂದಾಗ ಕೊಂಡಿ ತಪ್ಪುವುದು ಅಲ್ಲೇ. ಹೆಣ್ಣುಮಕ್ಕಳು ಮಾತ್ರ ಬಹುತೇಕ ಕಾಣುವುದಿಲ್ಲ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ತಿದ್ದುಪಡಿಯ ನಂತರದ ವಿಭಾಗಪತ್ರಗಳಲ್ಲಿ ಅವರ ಹೆಸರು ಬರತೊಡಗುತ್ತದೆ. ಅದಕ್ಕೆ ಹಿಂದಿನ ಅಜ್ಜಿಯರ ತವರು ಬೇಕೆಂದರೆ ಲಗ್ನಪತ್ರಿಕೆ ಹುಡುಕಬೇಕು, ‘ಇಂಥವರ ದೌಹಿತ್ರಿ’ ಅನ್ನುವ ಸಾಲಿಗಾಗಿ.

ಸ್ವಂತ ಜಮೀನು ಇಲ್ಲದವರ ದಾರಿ ಮುಚ್ಚಿದೆ ಎಂದು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಗೇಣಿದಾರರಾಗಿದ್ದರೆ ಹೆಸರು ಪಹಣಿಯ 12ನೇ ಕಾಲಂನಲ್ಲಿ, ಸಾಗುವಳಿದಾರನ ಜಾಗದಲ್ಲಿ ಇರುತ್ತದೆ. 1974ರ ಭೂಸುಧಾರಣೆಯ ನಂತರ ಹಾಕಿದ ಫಾರಂ 7, ಅಂದರೆ ಗೇಣಿದಾರರ ಹಕ್ಕಿನ ಅರ್ಜಿ, ಭೂ ನ್ಯಾಯಮಂಡಳಿಯ ಕಡತದಲ್ಲಿರುತ್ತದೆ. ತೋಟಿ, ತಳವಾರ, ನೀರುಗಂಟಿ ಕೆಲಸದ ಮನೆತನವಾದರೆ, 1961ರ ಗ್ರಾಮ ಅಧಿಕಾರಗಳ ರದ್ದು ಕಾಯ್ದೆಯಡಿ ನಡೆದ ರೀಗ್ರಾಂಟ್ (ಜಮೀನು ಮರುಮಂಜೂರಾತಿ) ಕಡತ ಕೇಳಿ. ವಂಶಪಾರಂಪರ್ಯದ ಕೆಲಸವಾದ್ದರಿಂದ ಯಾರ ಮಗ ಯಾರು ಎಂಬುದೇ ಆ ಕಡತದ ಜೀವಾಳ. ಇನಾಂ ಗ್ರಾಮವಾಗಿದ್ದರೆ ಸಾಮಾನ್ಯ ಪುಸ್ತಕದಲ್ಲಿ ಹೆಸರು ಸಿಗದೆ ತಲೆ ಕೆಡುತ್ತದೆ. 1954, 1955ರ ಇನಾಂ ರದ್ದಿಯಾತಿ ಕಾಯ್ದೆಗಳಡಿ ವಿಶೇಷ ಡಿ.ಸಿ. ಹೊರಡಿಸಿದ ಆದೇಶಗಳ ಕಡೆ ತಿರುಗಿ.

‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ರೆಕಾರ್ಡ್ ರೂಮುಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿರುವುದರಿಂದ, ಊರಿಗೆ ಬಸ್ಸು ಹತ್ತುವ ಮೊದಲು ನಿಮ್ಮ ತಾಲ್ಲೂಕಿನದು ಆನ್‌ಲೈನ್ ಆಗಿದೆಯೇ ವಿಚಾರಿಸಿ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪತ್ರಕ್ಕೆ ಮಾತ್ರ ಈ ಕೆಲಸಕ್ಕಾಗಿ ಅಲೆಯಬೇಡಿ. ಅದು ನೀವು ಅಫಿಡವಿಟ್ಟಿನಲ್ಲಿ ಹೇಳಿದ್ದನ್ನೇ ಪರಿಶೀಲಿಸಿ ವಾಪಸು ಕೊಡುವ ಕಾಗದ. ಪೌತಿ ಖಾತೆಗೆ ಬೇಕು, ಗೊತ್ತಿಲ್ಲದ ಮುತ್ತಜ್ಜನನ್ನು ಅದು ಹುಡುಕಿಕೊಡುವುದಿಲ್ಲ.

ತಂದದ್ದನ್ನು ತಾಣಕ್ಕೆ ಏರಿಸುವಾಗ ನಿಜವಾದ ಕಿರಿಕಿರಿ. ಅದು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಪೆಟ್ಟಿಗೆ ಕೊಡುತ್ತದೆ. ತಿಪಟೂರಿನ ರಂಗಪ್ಪನ ಮಗ ಟಿ.ಆರ್. ಕೃಷ್ಣಪ್ಪನಿಗೆ ಕೊನೆಯ ಹೆಸರು ಯಾವುದು? ರಂಗಪ್ಪ ಎಂದು ಹಾಕಿದರೆ ಅವನ ಮಗನಿಗೆ ಕೃಷ್ಣಪ್ಪ ಎಂದು ಹಾಕಬೇಕು. ಪ್ರತಿ ತಲೆಮಾರಿಗೂ ಮನೆತನ ಬದಲಾದಂತೆ ಕಾಣುತ್ತದೆ. ಕೊನೆಯ ಪೆಟ್ಟಿಗೆ ಖಾಲಿ ಬಿಡುವುದೇ ಸರಿ. ಇನಿಷಿಯಲ್ ಬಿಡಿಸಿದ ರೂಪ, ಉರುಫ್ ಹೆಸರು, ಕನ್ನಡ ಲಿಪಿಯ ರೂಪ ಇವೆಲ್ಲ ಪರ್ಯಾಯ ಹೆಸರುಗಳ ಜಾಗಕ್ಕೆ. ಇನಿಷಿಯಲ್ಲಿನ ಊರನ್ನು ಹುಟ್ಟಿದ ಊರೆಂದು ತುಂಬಿಬಿಡಬೇಡಿ. ಮೂರು ತಲೆಮಾರಿನ ಹಿಂದೆ ಬಿಟ್ಟುಬಂದ ಊರೂ ಅದಾಗಿರಬಹುದು. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರು ಇರುವುದರಿಂದ ಈ ತಲೆನೋವು ಕಡಿಮೆ.

ತಾತನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಗೂ ಈ ತಾಣಕ್ಕೂ ಆಗಿಬರುವುದಿಲ್ಲ. ಒಂದೇ ಹೆಸರು, ಒಂದೇ ಊರು ಕಂಡರೆ ‘ಇವರಿಬ್ಬರೂ ಒಬ್ಬರೇ ಇರಬಹುದು’ ಎಂದು ಸೂಚನೆ ಕೊಡುತ್ತದೆ. ಒತ್ತಿದಿರೋ, ತಾತ ಮೊಮ್ಮಗ ಒಂದಾಗುತ್ತಾರೆ. ಬದಲಾವಣೆಗಳ ಪಟ್ಟಿಗೆ ಹೋಗಿ ವಾಪಸು ಮಾಡಬಹುದು, ಆಮೇಲೆ ಬೇರೆ ತಿದ್ದುಪಡಿ ಆಗಿರಬಾರದು ಅಷ್ಟೇ. ಸತ್ತವರ ಮರ ಎಲ್ಲರಿಗೂ ಸೇರಿ ಒಂದೇ, ಯಾರು ಬೇಕಾದರೂ ತಿದ್ದಬಹುದು. ಹಾಗಾಗಿ ಮ್ಯುಟೇಷನ್ ಪುಟದ ಸ್ಕ್ಯಾನನ್ನು ಆಧಾರವಾಗಿ ಲಗತ್ತಿಸದೆ ಒಂದು ಹೆಸರನ್ನೂ ಬಿಡಬೇಡಿ. ಬದುಕಿರುವವರ ವಿವರ ಮಾತ್ರ ನಿಮ್ಮ ಖಾತೆಯಲ್ಲಿ ಖಾಸಗಿಯಾಗಿರುತ್ತದೆ.

ತಾರೀಖಿನಲ್ಲೂ ಎಚ್ಚರ. ಜಾತಕದಲ್ಲಿ ‘ರಕ್ತಾಕ್ಷಿ ಸಂವತ್ಸರ, ಮಾಘ’ ಎಂದಿದ್ದರೆ ಅದು 1924 ಅಲ್ಲ, 1925ರ ಆರಂಭ, ಏಕೆಂದರೆ ಸಂವತ್ಸರ ಯುಗಾದಿಗೆ ಬದಲಾಗುತ್ತದೆ. 1865 ಕೂಡ ಆಗಬಹುದು. 60 ವರ್ಷಕ್ಕೊಮ್ಮೆ ಅದೇ ಹೆಸರು. ಮಗನ ವಯಸ್ಸಿನ ಜೊತೆ ತಾಳೆ ನೋಡಿ, ಅನುಮಾನವಿದ್ದರೆ ‘ಸುಮಾರು’ ಎಂದು ಸೇರಿಸಿ, ತಾಣ ಒಪ್ಪುತ್ತದೆ.

ಹೆಳವರನ್ನು ಮರೆಯಬಾರದು. ಎತ್ತಿನ ಜೊತೆ ಸುಗ್ಗಿಯ ಕಾಲದಲ್ಲಿ ಬಂದು ಲಿಂಗಾಯತ, ಕುರುಬ, ಒಕ್ಕಲಿಗ ಮನೆಗಳ ವಂಶಾವಳಿ ಹೊಗಳಿ ಹೇಳುವ ಇವರ ಪುಸ್ತಕದಲ್ಲಿ ಮನೆತನ ಎಲ್ಲಿಂದ ಎದ್ದು ಬಂತು, ಬೆಡಗು ಯಾವುದು, ಮನೆದೇವರು ಯಾರು ಎಂಬುದಿರುತ್ತದೆ. ಸೆಕ್ಯೂರಿಟಿ ಗೇಟಿನ ಅಪಾರ್ಟ್‌ಮೆಂಟಿಗೆ ಅವರು ಬರುವುದಿಲ್ಲ. ಊರಲ್ಲಿ ಉಳಿದ ದಾಯಾದಿಗಳ ಮನೆಗೆ ಬರುವವರು ಯಾರೆಂದು ಕೇಳಿ, ಕಾಣಿಕೆ ಕೊಟ್ಟು, ಧ್ವನಿಮುದ್ರಿಸಲು ಒಪ್ಪಿಗೆ ಪಡೆಯಿರಿ. ಇಸವಿ ಇರುವುದಿಲ್ಲ, ಹೆಂಗಸರ ಹೆಸರು ಅಪರೂಪ. ಆದರೆ ಗಂಡುಮಕ್ಕಳ ಸಾಲು ಜಮೀನಿನ ಪುಸ್ತಕ ನಿಂತಲ್ಲಿಂದ ಇನ್ನೂ ಹಿಂದಕ್ಕೆ ಹೋಗಬಹುದು.

ಇನ್ನೊಂದು ವಿಷಯ ತಿಳಿದೇ ಹೆಸರು ಹಾಕಬೇಕು. ತೀರಿಹೋದ ಪೂರ್ವಿಕರ ಹೆಸರಿನಲ್ಲಿ ತಮ್ಮ ದೇವಾಲಯಗಳಲ್ಲಿ ಬದಲಿ ದೀಕ್ಷಾಸ್ನಾನ ಮಾಡಿಸುವುದು ಮಾರ್ಮನ್ನರ ಆಚರಣೆ. ಈ ತಾಣ ಹುಟ್ಟಿದ್ದೂ ಆ ಶ್ರದ್ಧೆಯಿಂದಲೇ. ಸದಸ್ಯರು ತಮ್ಮ ಸ್ವಂತ ಪೂರ್ವಿಕರಿಗೆ ಮಾತ್ರ ಮಾಡಿಸಬೇಕೆಂಬುದು ಚರ್ಚಿನ ನಿಯಮ. ಮನೆಯ ಹಿರಿಯರಿಗೆ ಇದು ಒಪ್ಪಿಗೆಯಾಗದಿದ್ದರೆ ಗ್ರಾಂಪ್ಸ್‌ನಂಥ ಉಚಿತ ತಂತ್ರಾಂಶ ಸ್ವಂತ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತದೆ. ಬಿನ್, ಕೋಂ ಎಲ್ಲ ಕನ್ನಡದಲ್ಲೇ ಬರೆದಿಟ್ಟುಕೊಳ್ಳಬಹುದು.